ಚುಕ್ಕಾಣಿ ಮುರಿಯಲು ಓರ್ಕಾವೇ ಬೇಕಿಲ್ಲ: ಹಳೆಯ ಹಾಯಿದೋಣಿ ಮೊದಲೇ ಕೊಡುವ ಸೂಚನೆಗಳು

ಕಪ್ಪು-ಬಿಳುಪು ಮೈಯ ದೊಡ್ಡ ಜಲಚರವೊಂದು ಹಾಯಿದೋಣಿಯ ಹಿಂದೆ ಬಂದು, ನೀರಿನಡಿಯ ಹಲಗೆಯನ್ನು ಗುದ್ದಿ ಮುರಿಯುವ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ಜೊತೆಗೆ ‘ಮನುಷ್ಯರ ಮೇಲೆ ತಿಮಿಂಗಿಲಗಳ ಸೇಡು’ ಎಂಬ ಒಕ್ಕಣೆಯೂ ಇರುತ್ತದೆ.

ಇಂಥ ಘಟನೆಗಳು ನಡೆದಿರುವುದು ನಿಜ. 2020ರಿಂದ ಸ್ಪೇನ್, ಪೋರ್ಚುಗಲ್ ಕರಾವಳಿ ಮತ್ತು ಜಿಬ್ರಾಲ್ಟರ್ ಜಲಸಂಧಿಯ ಸುತ್ತ ಓರ್ಕಾಗಳು ಹಾಯಿದೋಣಿಗಳ ಚುಕ್ಕಾಣಿಗೆ ಗುದ್ದುತ್ತಿವೆ. ಕೆಲವು ದೋಣಿಗಳು ಮುಳುಗಿಯೂ ಇವೆ. ಆದರೆ ‘ಸೇಡು’ ಎಂಬ ಮಾತಿಗೆ ಆಧಾರವಿಲ್ಲ. 2024ರಲ್ಲಿ ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗದ ಕಾರ್ಯಾಗಾರದಲ್ಲಿ ಸೇರಿದ್ದ ತಜ್ಞರು ಇದನ್ನು ಆಕ್ರಮಣ ಎನ್ನದೆ, ಆಟದಂಥ ವರ್ತನೆ ಎಂದೇ ಗುರುತಿಸಿದರು.

ಈ ವಿಡಿಯೋಗಳಲ್ಲಿ ಕಾಣದ ಇನ್ನೊಂದು ಸಂಗತಿ ಇದೆ. ಚುಕ್ಕಾಣಿ ಮುರಿಯಲು ಓರ್ಕಾ ಬರಲೇಬೇಕೆಂದಿಲ್ಲ. ಅಮೆರಿಕ, ಯುರೋಪಿನ ಬಂದರುಗಳಲ್ಲಿ 1960, 70, 80ರ ದಶಕಗಳಲ್ಲಿ ಕಟ್ಟಿದ ಫೈಬರ್‌ಗ್ಲಾಸ್ ಹಾಯಿದೋಣಿಗಳು ಈಗಲೂ ಓಡಾಡುತ್ತಿವೆ, ಕಡಿಮೆ ಬೆಲೆಗೆ ಕೈ ಬದಲಾಗುತ್ತಿವೆ. ಫೈಬರ್‌ಗ್ಲಾಸ್ ಮರದಂತೆ ಕೊಳೆಯುವುದಿಲ್ಲ, ಹಾಗಾಗಿ ದೋಣಿಯ ಮೈ ಐವತ್ತು ವರ್ಷವಾದರೂ ಗಟ್ಟಿಯಾಗಿಯೇ ಕಾಣುತ್ತದೆ. ಆದರೆ ಚುಕ್ಕಾಣಿಯ ಒಳಗಿರುವ ಲೋಹಕ್ಕೆ, ತಂತಿಗೆ, ಬೇರಿಂಗಿಗೆ ಅಷ್ಟು ಆಯುಸ್ಸಿಲ್ಲ. ಮೈಗೆ ಬಣ್ಣ ಬಳಿದ ದೋಣಿಯ ಕೀಲುಗಳು ಸವೆದಿರುತ್ತವೆ.

ಒಳ್ಳೆಯ ಸುದ್ದಿ ಏನೆಂದರೆ, ಇವು ಹೆಚ್ಚಾಗಿ ಹೇಳದೆ ಕೇಳದೆ ಕೈಕೊಡುವುದಿಲ್ಲ. ಮೊದಲೇ ಸೂಚನೆ ಕೊಡುತ್ತವೆ. ಆ ಸೂಚನೆಗಳನ್ನು ಸರಿಯಾದ ಕ್ರಮದಲ್ಲಿ ಓದುವುದು ಹೇಗೆ ಎಂದು ಇಲ್ಲಿ ನೋಡೋಣ.

ಚುಕ್ಕಾಣಿ ಕೆಲಸ ಮಾಡುವುದು ಹೇಗೆ?

‘ಅಧಿಕಾರದ ಚುಕ್ಕಾಣಿ ಹಿಡಿದರು’ ಎಂದು ಪತ್ರಿಕೆಗಳಲ್ಲಿ ದಿನವೂ ಓದುತ್ತೇವೆ. ನಿಜವಾದ ಚುಕ್ಕಾಣಿ ಎಂದರೆ ದೋಣಿಯ ಹಿಂಬದಿಯಲ್ಲಿ, ನೀರಿನೊಳಗೆ ನಿಂತಿರುವ ಒಂದು ಹಲಗೆ. ಅದನ್ನು ಒಂದು ದಂಡ ಹಿಡಿದಿರುತ್ತದೆ. ದಂಡದ ಮೇಲ್ತುದಿಗೆ ಒಂದು ಕೋಲು ಸಿಕ್ಕಿಸಿದ್ದರೆ ಅದು ಟಿಲ್ಲರ್. ಸ್ವಲ್ಪ ದೊಡ್ಡ ದೋಣಿಗಳಲ್ಲಿ ಟಿಲ್ಲರ್ ಬದಲು ಸ್ಟಿಯರಿಂಗ್ ಚಕ್ರ ಇರುತ್ತದೆ. ಚಕ್ರ ತಿರುಗಿಸಿದರೆ ಸರಪಳಿ ಮತ್ತು ಉಕ್ಕಿನ ಕೇಬಲ್ ರಾಟೆಗಳ ಮೇಲೆ ಹಾದು, ದಂಡಕ್ಕೆ ಬಿಗಿದ ಕ್ವಾಡ್ರಂಟ್ ಎಂಬ ಅರೆಚಕ್ರದಂಥ ಭಾಗವನ್ನು ಎಳೆಯುತ್ತದೆ. ಆಗ ದಂಡ ತಿರುಗುತ್ತದೆ, ಹಲಗೆಯೂ ತಿರುಗುತ್ತದೆ.

ಹಲಗೆ ಓರೆಯಾದಾಗ ಹರಿಯುವ ನೀರು ಅದನ್ನು ಪಕ್ಕಕ್ಕೆ ತಳ್ಳುತ್ತದೆ. ದೋಣಿಯ ಹಿಂಬದಿ ಒಂದು ಕಡೆಗೆ ಸರಿದಾಗ ಮೂತಿ ಇನ್ನೊಂದು ಕಡೆಗೆ ತಿರುಗುತ್ತದೆ. ಕಾರಿನಲ್ಲಿ ತಿರುಗುವುದು ಮುಂದಿನ ಚಕ್ರ, ದೋಣಿಯಲ್ಲಿ ಸರಿಯುವುದು ಬೆನ್ನು. ಈ ವ್ಯತ್ಯಾಸ ನೆನಪಿರಲಿ.

ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ಒಂದು, ನೀರು ಹರಿಯದಿದ್ದರೆ ಚುಕ್ಕಾಣಿಗೆ ಶಕ್ತಿಯೇ ಇಲ್ಲ. ನಿಂತ ದೋಣಿಯಲ್ಲಿ ಚಕ್ರವನ್ನು ಎಷ್ಟು ತಿರುಗಿಸಿದರೂ ದೋಣಿ ತಿರುಗದು. ಎರಡು, ಹೆಚ್ಚು ತಿರುಗಿಸಿದಷ್ಟೂ ಹೆಚ್ಚು ಲಾಭ ಎಂಬುದು ಸುಳ್ಳು. ಒಂದು ಮಿತಿ ದಾಟಿದರೆ ನೀರು ಹಲಗೆಯ ಮೈಗಂಟಿ ಹರಿಯುವುದನ್ನು ಬಿಟ್ಟು ಸುಳಿಯಾಗುತ್ತದೆ. ಆಗ ಹಲಗೆ ತಿರುಗಿಸುವ ಬದಲು ಬ್ರೇಕಿನಂತೆ ದೋಣಿಯನ್ನು ಎಳೆಯುತ್ತದೆ. ಸಾಮಾನ್ಯವಾಗಿ ಸುಮಾರು 35 ಡಿಗ್ರಿಗೆ ಚುಕ್ಕಾಣಿಯನ್ನು ತಡೆಯುವ ಗಟ್ಟಿ ತಡೆಗಳನ್ನು ಹಾಕಿರುವುದು ಇದೇ ಕಾರಣಕ್ಕೆ.

ದೋಷದಂತೆ ಕಾಣುವ, ಆದರೆ ದೋಷವಲ್ಲದ ಸಂಗತಿಗಳು

*ಟಿಲ್ಲರ್ ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ಹೋಗುತ್ತದೆ.* ಇದು ಹಾಗೆಯೇ ಇರಬೇಕು. ಟಿಲ್ಲರ್ ಬಲಕ್ಕೆ ಹೋದರೆ ಹಲಗೆ ಎಡಕ್ಕೆ ಹೋಗುತ್ತದೆ. ಟೈಟಾನಿಕ್ ಹಡಗಿನ ಕುರಿತ ಒಂದು ಪ್ರಸಿದ್ಧ ಗೊಂದಲದ ಮೂಲವೂ ಇಲ್ಲಿದೆ. 1912ರ ಏಪ್ರಿಲ್ 14ರ ರಾತ್ರಿ ಮಂಜುಗಡ್ಡೆ ಕಂಡಾಗ ಅಧಿಕಾರಿ ಕೊಟ್ಟ ಆಜ್ಞೆಯಲ್ಲಿ ಇದ್ದದ್ದು ‘ಸ್ಟಾರ್‌ಬೋರ್ಡ್’, ಅಂದರೆ ಬಲ ಎಂಬ ಪದ. ಹಡಗು ತಿರುಗಿದ್ದು ಎಡಕ್ಕೆ. ಆಗಿನ ರೂಢಿಯಲ್ಲಿ ಆಜ್ಞೆ ಹೇಳುತ್ತಿದ್ದುದು ಟಿಲ್ಲರ್ ಹೋಗಬೇಕಾದ ದಿಕ್ಕನ್ನು, ಹಡಗಿನ ದಿಕ್ಕನ್ನಲ್ಲ. ಹಾಗಾಗಿ ಆ ಆಜ್ಞೆಗೆ ಹಡಗು ಎಡಕ್ಕೆ ತಿರುಗಿದ್ದು ಸರಿಯಾಗಿಯೇ ಇತ್ತು. ಬ್ರಿಟನ್ ಸೇರಿ ಹಲವು ದೇಶಗಳು ಈ ರೂಢಿಯನ್ನು ಬದಲಿಸಿದ್ದು 1930ರ ದಶಕದಲ್ಲಿ.

*ರಿವರ್ಸ್ ಹಾಕಿದಾಗ ದೋಣಿ ಒಂದೇ ಕಡೆಗೆ ಎಳೆಯುತ್ತದೆ.* ಇದು ಪ್ರೊಪೆಲ್ಲರ್ ಕೆಲಸ. ತಿರುಗುವ ರೆಕ್ಕೆಗಳು ದೋಣಿಯನ್ನು ಹಿಂದಕ್ಕೆ ದೂಡುವುದರ ಜೊತೆಗೆ ಸ್ವಲ್ಪ ಪಕ್ಕಕ್ಕೂ ಸರಿಸುತ್ತವೆ. ಮುಂದಕ್ಕೆ ಹೋಗುವಾಗ ಬಲಸುತ್ತು ತಿರುಗುವ ಪ್ರೊಪೆಲ್ಲರ್ ಇದ್ದರೆ, ರಿವರ್ಸ್‌ನಲ್ಲಿ ಹಿಂಬದಿ ಎಡಕ್ಕೆ ಸರಿಯುತ್ತದೆ. ದೋಣಿಗೆ ವೇಗ ಬಂದು ಹಲಗೆಯ ಮೇಲೆ ನೀರು ಹರಿಯತೊಡಗಿದ ಮೇಲೆ ಚುಕ್ಕಾಣಿ ಹಿಡಿತಕ್ಕೆ ಬರುತ್ತದೆ.

*ಚಕ್ರ ಇದ್ದಕ್ಕಿದ್ದಂತೆ ಗಟ್ಟಿಯಾಗಿ ನಿಂತಿತು.* ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಮೂರು ವಿಷಯ ನೋಡಿ. ಚಕ್ರದ ಕಂಬದಲ್ಲಿರುವ ಬ್ರೇಕ್ ತಿರುಪು ಬಿಗಿಯಾಗಿದೆಯೇ? ಆಟೋಪೈಲಟ್ ಇನ್ನೂ ಆನ್ ಇದೆಯೇ? ಹಿಂಬದಿಯ ಸಾಮಾನು ಗೂಡಿನಲ್ಲಿಟ್ಟ ಹಗ್ಗ, ಬಕೆಟ್, ಚೀಲ ಏನಾದರೂ ಜಾರಿ ಕ್ವಾಡ್ರಂಟಿಗೆ ಸಿಕ್ಕಿಹಾಕಿಕೊಂಡಿದೆಯೇ? ಈ ಮೂರೂ ಅಲ್ಲದಿದ್ದರೆ ನೀರಿನಡಿಯಲ್ಲಿ ಮೀನುಬಲೆ ಅಥವಾ ಹಗ್ಗ ಸುತ್ತಿಕೊಂಡಿರಬಹುದು. ಬಲೆ ಪ್ರೊಪೆಲ್ಲರ್‌ಗೂ ಸುತ್ತಿರಬಹುದಾದ್ದರಿಂದ ಎಂಜಿನ್ ಜೋರು ಮಾಡಬೇಡಿ.

ಮೊದಲ ಪ್ರಶ್ನೆ: ತೊಂದರೆ ಚುಕ್ಕಾಣಿಯದ್ದೋ, ಹಾಯಿಯದ್ದೋ?

‘ಚಕ್ರ ತುಂಬಾ ಭಾರ, ಎರಡೂ ಕೈಯಲ್ಲಿ ಹಿಡಿದರೂ ದೋಣಿ ಗಾಳಿಯ ಕಡೆಗೇ ತಿರುಗುತ್ತದೆ’ ಎಂಬುದು ಹಳೆಯ ದೋಣಿಗಳ ಸಾಮಾನ್ಯ ದೂರು. ಕೇಳಿದ ಕೂಡಲೇ ಚುಕ್ಕಾಣಿಯ ಮೇಲೆ ಅನುಮಾನ ಬರುತ್ತದೆ. ಆದರೆ ತಪ್ಪಿತಸ್ಥ ಹಾಯಿ ಆಗಿರಬಹುದು.

ಹಾಯಿಗಳ ಮೇಲೆ ಬೀಳುವ ಗಾಳಿಯ ಒಟ್ಟು ತಳ್ಳುವಿಕೆಗೆ ಒಂದು ನಡುಬಿಂದು ಇರುತ್ತದೆ. ನೀರಿನೊಳಗೆ ದೋಣಿ ಪಕ್ಕಕ್ಕೆ ಜಾರದಂತೆ ತಡೆಯುವ ಬಲಕ್ಕೂ ಒಂದು ನಡುಬಿಂದು ಇರುತ್ತದೆ. ಗಾಳಿಯ ಬಿಂದು ಹಿಂದಕ್ಕೆ ಸರಿದರೆ, ಮನೆ ಮೇಲಿನ ಗಾಳಿಕೋಳಿಯಂತೆ ದೋಣಿಯ ಮೂತಿ ಗಾಳಿ ಬರುವ ದಿಕ್ಕಿಗೆ ತಿರುಗಲು ಹವಣಿಸುತ್ತದೆ. ಇದಕ್ಕೆ ‘ವೆದರ್ ಹೆಲ್ಮ್’ ಎನ್ನುತ್ತಾರೆ.

ಹಳೆಯ ದೋಣಿಗಳಲ್ಲಿ ಇದು ಹೆಚ್ಚಾಗಲು ಕಾರಣವಿದೆ. ಪಾಲಿಯೆಸ್ಟರ್ ಬಟ್ಟೆಯ ಹಾಯಿ ವರ್ಷಗಟ್ಟಲೆ ಎಳೆತಕ್ಕೆ ಸಿಕ್ಕಿ ಜೋತುಬೀಳುತ್ತದೆ. ಆಗ ಅದರ ಉಬ್ಬು ಹಿಂದಕ್ಕೆ ಸರಿಯುತ್ತದೆ, ಗಾಳಿಯ ಬಿಂದುವೂ ಹಿಂದಕ್ಕೆ ಹೋಗುತ್ತದೆ. ಜೋರು ಗಾಳಿಯಲ್ಲಿ ಹಾಯಿ ಕಿರಿದು ಮಾಡದೆ ಓಡಿಸಿದರೆ ದೋಣಿ ತುಂಬಾ ವಾಲುತ್ತದೆ. ವಾಲಿದ ದೋಣಿ ಇನ್ನೂ ಜೋರಾಗಿ ಗಾಳಿಯ ಕಡೆಗೆ ತಿರುಗುತ್ತದೆ.

ಪರೀಕ್ಷೆ ಸರಳ. ಸುರಕ್ಷಿತ ಜಾಗದಲ್ಲಿ ಹಾಯಿಗಳನ್ನೆಲ್ಲ ಇಳಿಸಿ, ಎಂಜಿನ್‌ನಲ್ಲಿ ನೇರವಾಗಿ ಓಡಿಸಿ.

- ಎಂಜಿನ್‌ನಲ್ಲಿ ಚಕ್ರ ಹಗುರಾದರೆ, ಮೊದಲು ಹಾಯಿಯನ್ನು ಸರಿಮಾಡಿ. ದೊಡ್ಡ ಹಾಯಿಯನ್ನು ಸಡಿಲಿಸಿ ಅಥವಾ ಕಿರಿದು ಮಾಡಿ.
- ಎಂಜಿನ್‌ನಲ್ಲೂ ಚಕ್ರ ಭಾರವಾಗಿಯೇ ಇದ್ದರೆ, ತೊಂದರೆ ಚುಕ್ಕಾಣಿ ವ್ಯವಸ್ಥೆಯದ್ದೇ.

ಸ್ವಲ್ಪ ವೆದರ್ ಹೆಲ್ಮ್ ಇರುವುದು ಒಳ್ಳೆಯದೇ. ಚುಕ್ಕಾಣಿಯನ್ನು ಮೂರರಿಂದ ಐದು ಡಿಗ್ರಿಯಷ್ಟು ಓರೆಯಾಗಿ ಹಿಡಿಯಬೇಕಾದರೆ ಅದು ಆರೋಗ್ಯದ ಲಕ್ಷಣ. ಕೈಬಿಟ್ಟರೆ ದೋಣಿ ಗಾಳಿಗೆ ಮುಖಮಾಡಿ ತಾನಾಗಿ ನಿಧಾನವಾಗುತ್ತದೆ.

ಹಾಯಿಗೆ ದೋಣಿಯನ್ನು ತಿರುಗಿಸುವ ಶಕ್ತಿ ಎಷ್ಟಿದೆ ಎಂಬುದಕ್ಕೆ ಭಾರತದ ನಂಟಿರುವ ಒಂದು ಉದಾಹರಣೆ ಇದೆ. ಮುಂಬೈಯಲ್ಲಿ ತೇಗದ ಮರದಿಂದ ಕಟ್ಟಿದ ‘ಸುಹೈಲಿ’ ಎಂಬ ದೋಣಿಯಲ್ಲಿ ಬ್ರಿಟನ್ನಿನ ರಾಬಿನ್ ನಾಕ್ಸ್-ಜಾನ್‌ಸ್ಟನ್ 1968-69ರಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ 312 ದಿನಗಳಲ್ಲಿ ಭೂಮಿ ಸುತ್ತಿದರು. ಹಾಗೆ ಸುತ್ತಿದವರಲ್ಲಿ ಅವರೇ ಮೊದಲಿಗರು. ದಾರಿಯಲ್ಲಿ ತಾನಾಗಿ ಚುಕ್ಕಾಣಿ ಹಿಡಿಯುವ ಸಾಧನ ಮುರಿಯಿತು. ಆಮೇಲೆ ಅವರು ಹಾಯಿಗಳನ್ನು ಸಮತೋಲನ ಮಾಡಿಯೇ ದೋಣಿ ತನ್ನಷ್ಟಕ್ಕೆ ದಾರಿ ಹಿಡಿದು ಸಾಗುವಂತೆ ನೋಡಿಕೊಂಡರು.

ಎರಡನೇ ಪ್ರಶ್ನೆ: ಬಿಗಿ ಎಲ್ಲಿದೆ?

ಸೈಕಲ್ ಹ್ಯಾಂಡಲ್ ಬಿಗಿಯಾದರೆ ಮೆಕ್ಯಾನಿಕ್ ಏನು ಮಾಡುತ್ತಾನೆ? ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಆಡಿಸುತ್ತಾನೆ. ಆಗಲೂ ಬಿಗಿ ಇದ್ದರೆ ತೊಂದರೆ ಹ್ಯಾಂಡಲ್‌ನ ಬೇರಿಂಗಿನದ್ದು. ದೋಣಿಯಲ್ಲೂ ಇದೇ ಉಪಾಯ. ವ್ಯವಸ್ಥೆಯನ್ನು ನಡುವೆ ಎರಡಾಗಿ ಬೇರ್ಪಡಿಸಿ ನೋಡಬೇಕು.

ದೋಣಿಯನ್ನು ಬಂದರಿನಲ್ಲಿ ಭದ್ರವಾಗಿ ಕಟ್ಟಿ. ಕ್ವಾಡ್ರಂಟಿನಿಂದ ಕೇಬಲ್‌ಗಳನ್ನು ಬಿಚ್ಚಿ. ದಂಡದ ತಲೆಗೆ ತುರ್ತು ಟಿಲ್ಲರ್ ಸಿಕ್ಕಿಸಿ ಚುಕ್ಕಾಣಿಯನ್ನು ಅತ್ತಿತ್ತ ಆಡಿಸಿ. ಆಮೇಲೆ ಚಕ್ರವನ್ನೂ ಪ್ರತ್ಯೇಕವಾಗಿ ತಿರುಗಿಸಿ ನೋಡಿ.

*ಚುಕ್ಕಾಣಿಯೇ ಬಿಗಿಯಾಗಿದ್ದರೆ* ಬೇರಿಂಗ್ ಕಡೆ ನೋಡಿ. ಹಲವು ಹಳೆಯ ದೋಣಿಗಳಲ್ಲಿ ದಂಡ ತಿರುಗುವ ಜಾಗದಲ್ಲಿ ನೈಲಾನ್ ಬುಷ್ ಇರುತ್ತದೆ. ನೈಲಾನ್ ನೀರು ಹೀರಿ ಉಬ್ಬುತ್ತದೆ. ಉಬ್ಬಿದ ಬುಷ್ ದಂಡವನ್ನು ಕಚ್ಚಿ ಹಿಡಿಯುತ್ತದೆ. ಬದಲಿಸುವಾಗ ಅಸಿಟಾಲ್‌ನಂಥ, ನೀರು ಕಡಿಮೆ ಹೀರುವ ಪ್ಲಾಸ್ಟಿಕ್ ಆರಿಸುವುದು ಇದಕ್ಕೇ. ಇನ್ನು ತಿಂಗಳುಗಟ್ಟಲೆ ನಿಂತ ದೋಣಿಯಲ್ಲಿ ಹಲಗೆ ಮತ್ತು ದೋಣಿಯ ನಡುವಿನ ಸಂದಿಯಲ್ಲಿ ಬಂಡೆಗಳ ಮೇಲೆ ಕಾಣುವಂಥ ಚಿಪ್ಪುಜೀವಿಗಳು ಬೆಳೆದು ಬಿಗಿ ಮಾಡಿರಬಹುದು. ನೆಲಕ್ಕೆ ತಾಗಿ ದಂಡವೇ ಬಾಗಿದ್ದರೆ ಒಂದು ಗುರುತು ಸಿಗುತ್ತದೆ: ಚುಕ್ಕಾಣಿ ಒಂದು ಕೋನದಲ್ಲಿ ಹಗುರ, ಇನ್ನೊಂದು ಕೋನದಲ್ಲಿ ಭಾರ.

*ಚುಕ್ಕಾಣಿ ಸಲೀಸು, ಚಕ್ರ ಬಿಗಿ ಎಂದಾದರೆ* ತೊಂದರೆ ಸರಪಳಿ, ಕೇಬಲ್, ರಾಟೆ ಅಥವಾ ಚಕ್ರದ ಕಂಬದೊಳಗಿನ ಬೇರಿಂಗಿನಲ್ಲಿದೆ. ಎಣ್ಣೆ ಕಾಣದ ರಾಟೆ ತಿರುಗದೆ ನಿಂತು, ಕೇಬಲ್ ಅದರ ಮೇಲೆ ಉಜ್ಜಿಕೊಂಡು ಹೋಗುತ್ತಿರಬಹುದು. ರಾಟೆಯ ಕೆಳಗೆ ಲೋಹದ ಪುಡಿ ಬಿದ್ದಿದ್ದರೆ ಅದೇ ಸಾಕ್ಷಿ.

*ಬೇರ್ಪಡಿಸಿದಾಗ ಎರಡೂ ಸಲೀಸು, ಜೋಡಿಸಿದರೆ ಬಿಗಿ ಎಂದಾದರೆ* ಕೇಬಲ್ ಅತಿಯಾಗಿ ಬಿಗಿದಿದ್ದೀರಿ ಅಥವಾ ರಾಟೆಗಳು ಒಂದೇ ಸಾಲಿನಲ್ಲಿಲ್ಲ. ‘ಕೇಬಲ್ ಬಿಗಿಯಾದಷ್ಟೂ ಒಳ್ಳೆಯದು’ ಎಂಬ ನಂಬಿಕೆ ತಪ್ಪು. ಅತಿ ಬಿಗಿ ಬೇರಿಂಗನ್ನು ಬೇಗ ತಿನ್ನುತ್ತದೆ. ಅತಿ ಸಡಿಲವಾದರೆ ಕೇಬಲ್ ರಾಟೆಯಿಂದ ಜಾರಿ ಬೀಳುತ್ತದೆ. ಚಕ್ರವನ್ನು ಅಲುಗಾಡದಂತೆ ಕಟ್ಟಿ, ಕ್ವಾಡ್ರಂಟನ್ನು ಕೈಯಿಂದ ಆಡಿಸಿ ನೋಡಿ. ಅದು ಆಡದಷ್ಟು ಬಿಗಿ ಇದ್ದರೆ ಸಾಕು.

ಒಂದು ಎಚ್ಚರಿಕೆ: ಕ್ವಾಡ್ರಂಟ್ ಹತ್ತಿರ ಕೈ ಇಟ್ಟಿರುವಾಗ ಬೇರೆಯವರು ಚಕ್ರ ತಿರುಗಿಸಬಾರದು. ಬೆರಳು ಹೋಗುತ್ತದೆ.

ಮೂರನೇ ಪ್ರಶ್ನೆ: ಸಡಿಲ ಎಲ್ಲಿದೆ?

ಬಿಗಿಯಾದ ಚುಕ್ಕಾಣಿಗಿಂತ ಸಡಿಲವಾದ ಚುಕ್ಕಾಣಿಗೆ ಹೆಚ್ಚು ಹೆದರಬೇಕು. ಬಿಗಿ ನಿಮ್ಮ ಕೈಗೆ ಕೂಡಲೇ ಗೊತ್ತಾಗುತ್ತದೆ. ಸಡಿಲ ನಿಧಾನಕ್ಕೆ ಅಭ್ಯಾಸವಾಗಿಬಿಡುತ್ತದೆ.

ಚಕ್ರ ಸ್ವಲ್ಪ ತಿರುಗಿದರೂ ಕ್ವಾಡ್ರಂಟ್ ಆಡದಿದ್ದರೆ ಕೇಬಲ್ ಸಡಿಲವಾಗಿದೆ. ಕ್ವಾಡ್ರಂಟ್ ಆಡಿದರೂ ದಂಡ ತಿರುಗದಿದ್ದರೆ ಎರಡನ್ನೂ ಹಿಡಿದಿರುವ ಬೋಲ್ಟ್ ಅಥವಾ ಕೀ ಸವೆದಿದೆ. ದಂಡ ತಿರುಗಿದರೂ ಹಲಗೆ ತಿರುಗದಿದ್ದರೆ ಅದು ಎಲ್ಲಕ್ಕಿಂತ ಕೆಟ್ಟ ಸುದ್ದಿ, ಅದಕ್ಕೆ ಮುಂದೆ ಬರೋಣ. ಟಿಲ್ಲರ್ ದೋಣಿಯಲ್ಲಿ ಕೋಲು ಮತ್ತು ದಂಡ ಸೇರುವ ಜಾಗದ ಬೋಲ್ಟ್, ಹಾಗೂ ಕೋಲಿನ ಮರದ ಪದರಗಳು ಬಿಟ್ಟುಕೊಂಡಿವೆಯೇ ಎಂದು ನೋಡಬೇಕು.

ಕೇಬಲ್ ಪರೀಕ್ಷೆಗೆ ಬೇಕಾದ್ದು ಒಂದು ಟಿಶ್ಯೂ ಕಾಗದ. ಉಕ್ಕಿನ ಕೇಬಲ್ ನೂರಕ್ಕೂ ಹೆಚ್ಚು ಸಣ್ಣ ತಂತಿಗಳನ್ನು ಹೆಣೆದು ಮಾಡಿದ್ದು. ರಾಟೆಯ ಮೇಲೆ ಬಾಗಿ ಬಾಗಿ ಒಂದೊಂದೇ ಎಳೆ ಮುರಿಯುತ್ತದೆ. ಸೈಕಲ್ ಬ್ರೇಕ್ ಕೇಬಲ್ ತುದಿಯಲ್ಲಿ ಕೈಗೆ ಚುಚ್ಚುವ ಎಳೆ ಎದ್ದಿರುವುದನ್ನು ನೀವು ಕಂಡಿರುತ್ತೀರಿ, ಅದೇ ರೀತಿ. ಟಿಶ್ಯೂವನ್ನು ಕೇಬಲ್ ಉದ್ದಕ್ಕೂ ಮೆಲ್ಲಗೆ ಎಳೆಯಿರಿ. ಎಲ್ಲಿ ಕಾಗದದ ಚೂರು ಸಿಕ್ಕಿಕೊಳ್ಳುತ್ತದೋ ಅಲ್ಲಿ ಎಳೆ ಮುರಿದಿದೆ. ಬರಿಗೈ ಆಡಿಸಬೇಡಿ. ಮುರಿದ ಎಳೆ ಕಂಡ ಕೇಬಲ್ ಬದಲಿಸಲೇಬೇಕು, ಎಣ್ಣೆ ಹಚ್ಚಿ ಮುಂದೆ ದೂಡುವಂತಿಲ್ಲ.

ಕೆಲವು ದೋಣಿಗಳಲ್ಲಿ ಕೇಬಲ್ ಬದಲು ಹೈಡ್ರಾಲಿಕ್ ವ್ಯವಸ್ಥೆ ಇರುತ್ತದೆ. ಅಲ್ಲಿ ಚಕ್ರ ಸ್ಪಂಜಿನಂತೆ ಮೆತ್ತಗಾದರೆ ಎಣ್ಣೆಯಲ್ಲಿ ಗಾಳಿ ಸೇರಿದೆ, ಎಣ್ಣೆ ಮಟ್ಟ ಪದೇ ಪದೇ ಇಳಿದರೆ ಎಲ್ಲೋ ಸೋರಿಕೆ ಇದೆ ಎಂದರ್ಥ.

‘ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲ’: ಈ ನಂಬಿಕೆ ಎಷ್ಟು ನಿಜ?

ಈಗ ಕಣ್ಣಿಗೆ ಕಾಣದ ಭಾಗಕ್ಕೆ ಬರೋಣ. 60-80ರ ದಶಕಗಳ ಅನೇಕ ಫೈಬರ್‌ಗ್ಲಾಸ್ ದೋಣಿಗಳ ಚುಕ್ಕಾಣಿ ಹಲಗೆ ಗಟ್ಟಿ ತುಂಡಲ್ಲ. ಎರಡು ತೆಳು ಫೈಬರ್‌ಗ್ಲಾಸ್ ಚಿಪ್ಪುಗಳು, ನಡುವೆ ಫೋಮ್. ಮೇಲಿನಿಂದ ಸ್ಟೇನ್‌ಲೆಸ್ ಸ್ಟೀಲ್ ದಂಡ ಒಳಗಿಳಿದಿರುತ್ತದೆ. ಅದಕ್ಕೆ ಬೆಸುಗೆ ಹಾಕಿದ ಲೋಹದ ಪಟ್ಟಿಗಳು ಫೋಮ್ ಒಳಗೆ ಹರಡಿಕೊಂಡಿರುತ್ತವೆ. ಹಲಗೆಯನ್ನು ದಂಡಕ್ಕೆ ಕಟ್ಟಿಹಾಕಿರುವುದು ಈ ಪಟ್ಟಿಗಳೇ.

ದಂಡ ಹಲಗೆಯೊಳಗೆ ಇಳಿಯುವ ಜಾಗವೇ ದುರ್ಬಲ. ಸ್ಟೀಲ್ ಮತ್ತು ಫೈಬರ್‌ಗ್ಲಾಸ್ ಬಿಸಿಗೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ, ರಾಳವೂ ನುಣುಪು ಸ್ಟೀಲಿಗೆ ಚೆನ್ನಾಗಿ ಅಂಟುವುದಿಲ್ಲ. ವರ್ಷ ಕಳೆದಂತೆ ಕೂದಲೆಳೆಯ ಸಂದಿ ಬೀಳುತ್ತದೆ. ಅಲ್ಲಿಂದ ಉಪ್ಪುನೀರು ಒಳಗಿಳಿಯುತ್ತದೆ.

‘ಇಳಿದರೇನಂತೆ, ಸ್ಟೇನ್‌ಲೆಸ್ ಅಲ್ಲವೇ?’ ಎನ್ನಬಹುದು. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕನಿಷ್ಠ 10.5 ಶೇಕಡಾ ಕ್ರೋಮಿಯಂ ಇರುತ್ತದೆ. ಅದು ಆಮ್ಲಜನಕದ ಜೊತೆ ಸೇರಿ ಮೈಮೇಲೆ ತೀರಾ ತೆಳುವಾದ ರಕ್ಷಣಾ ಪೊರೆ ಕಟ್ಟುತ್ತದೆ. ಗೀರು ಬಿದ್ದರೂ ಆಮ್ಲಜನಕ ಸಿಕ್ಕ ಕೂಡಲೇ ಪೊರೆ ಮತ್ತೆ ಕಟ್ಟಿಕೊಳ್ಳುತ್ತದೆ. ಅಂದರೆ ಸ್ಟೀಲ್ ತುಕ್ಕು ಹಿಡಿಯದಿರಲು ಆಮ್ಲಜನಕ ಬೇಕು. ಮುಚ್ಚಿದ ಸಂದಿಯಲ್ಲಿ ನಿಂತ ಉಪ್ಪುನೀರಿನಲ್ಲಿ ಆಮ್ಲಜನಕ ಬೇಗ ಮುಗಿಯುತ್ತದೆ. ಪೊರೆ ಮತ್ತೆ ಕಟ್ಟಿಕೊಳ್ಳುವುದಿಲ್ಲ, ಉಪ್ಪಿನ ಕ್ಲೋರೈಡ್ ಲೋಹವನ್ನು ಕೊರೆಯತೊಡಗುತ್ತದೆ. ಇದನ್ನು ಸಂದಿ ತುಕ್ಕು ಎನ್ನಬಹುದು. ಸಮುದ್ರದ ಕೆಲಸಕ್ಕೆ ಹೆಸರಾದ 316 ದರ್ಜೆಯ ಸ್ಟೀಲ್ ಇದನ್ನು ಹೆಚ್ಚು ತಡೆದುಕೊಳ್ಳುತ್ತದೆ, ಆದರೆ ಪೂರ್ತಿ ತಪ್ಪಿಸಿಕೊಳ್ಳುವುದಿಲ್ಲ.

ನಮ್ಮ ಅಡುಗೆಮನೆಯಲ್ಲೂ ಇದರ ಸಣ್ಣ ರೂಪ ಇದೆ. ಒದ್ದೆ ಉಪ್ಪನ್ನು ಸ್ಟೀಲ್ ಡಬ್ಬದಲ್ಲಿ ಬಹಳ ದಿನ ಬಿಟ್ಟರೆ ತಳದಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಉಪ್ಪು, ಉಪ್ಪಿನಕಾಯಿಗೆ ನಮ್ಮ ಮನೆಗಳಲ್ಲಿ ಪಿಂಗಾಣಿ ಜಾಡಿ ಬಳಸುತ್ತಾ ಬಂದಿರುವುದು ಸುಮ್ಮನೆ ಅಲ್ಲ.

ಚುಕ್ಕಾಣಿಯೊಳಗೆ ಈ ಕೆಲಸ ಹತ್ತಾರು ವರ್ಷ ನಡೆಯುತ್ತದೆ. ಹೊರಗೆ ಹೊಸ ಬಣ್ಣ, ಒಳಗೆ ಬೆಸುಗೆ ಕಳಚಿದ ಪಟ್ಟಿ. ಒಂದು ದಿನ ಜೋರು ಗಾಳಿಯಲ್ಲಿ ದಂಡ ಮಾತ್ರ ತಿರುಗುತ್ತದೆ, ಹಲಗೆ ತಿರುಗುವುದಿಲ್ಲ. ‘ಅಲೆಗೆ ಮುರಿಯಿತು’ ಎಂದು ಜನ ಹೇಳುತ್ತಾರೆ. ಅಲೆ ಕೊಟ್ಟದ್ದು ಕೊನೆಯ ಪೆಟ್ಟು ಮಾತ್ರ.

ಹಾಗೆಂದು ಹೊಸ ವಸ್ತು ತಂದರೆ ಚಿಂತೆಯಿಲ್ಲ ಎಂದೂ ಅಲ್ಲ. 1979ರ ಆಗಸ್ಟ್‌ನಲ್ಲಿ ಬ್ರಿಟನ್-ಐರ್ಲೆಂಡ್ ನಡುವಿನ ಫಾಸ್ಟ್‌ನೆಟ್ ಸ್ಪರ್ಧೆಯಲ್ಲಿ 303 ದೋಣಿಗಳು ಬಿರುಗಾಳಿಗೆ ಸಿಕ್ಕವು, ಸ್ಪರ್ಧಿಗಳಲ್ಲಿ 15 ಮಂದಿ ಸತ್ತರು. ಆ ಸಾವುಗಳಿಗೆ ಕಾರಣ ಹಲವು. ಆದರೆ ಆಗ ಹೊಸದಾಗಿದ್ದ ಕಾರ್ಬನ್ ಫೈಬರ್ ಬಳಸಿದ ಚುಕ್ಕಾಣಿಗಳು ಹಲವು ದೋಣಿಗಳಲ್ಲಿ ಮುರಿದದ್ದೂ ಅಲ್ಲಿ ಬೆಳಕಿಗೆ ಬಂತು.

ದೋಣಿಯನ್ನು ದಡಕ್ಕೆ ಎತ್ತಿದಾಗ ಮಾಡಬೇಕಾದ ಐದು ಪರೀಕ್ಷೆಗಳು

1. ತಳ್ಳಿ ನೋಡಿ. ಒಬ್ಬರು ಚಕ್ರ ಅಥವಾ ಟಿಲ್ಲರನ್ನು ಅಲುಗದಂತೆ ಹಿಡಿಯಲಿ. ಇನ್ನೊಬ್ಬರು ಹಲಗೆಯ ಹಿಂಬದಿಯ ಅಂಚನ್ನು ಎಡಕ್ಕೆ, ಬಲಕ್ಕೆ ತಳ್ಳಲಿ. ದಂಡ ಅಲುಗದೆ ಹಲಗೆ ಮಾತ್ರ ಅಲುಗಿದರೆ ಒಳಗಿನ ಪಟ್ಟಿ ಬಿಟ್ಟಿದೆ. ಅಂಥ ದೋಣಿಯನ್ನು ನೀರಿಗಿಳಿಸಬೇಡಿ.

2. ಅಲುಗಾಡಿಸಿ ನೋಡಿ. ಹಲಗೆಯ ಕೆಳತುದಿ ಹಿಡಿದು ಹಿಂದೆ-ಮುಂದೆ, ಅಕ್ಕಪಕ್ಕ ಅಲುಗಿಸಿ. ಲಟಕ್ ಲಟಕ್ ಎಂದರೆ ಬೇರಿಂಗ್ ಸವೆದಿದೆ. ಸಾಗುವಾಗ ಚಕ್ರದಲ್ಲಿ ನಡುಕ, ರಾತ್ರಿ ಲಂಗರು ಹಾಕಿದಾಗ ಹಿಂಬದಿಯಲ್ಲಿ ಟಕ್ ಟಕ್ ಸದ್ದು ಬರುತ್ತಿದ್ದರೆ ಅದಕ್ಕೂ ಇದು ಕಾರಣವಿರಬಹುದು.

3. ತಟ್ಟಿ ನೋಡಿ. ಪ್ಲಾಸ್ಟಿಕ್ ಸುತ್ತಿಗೆಯಿಂದ ಹಲಗೆಯ ಮೇಲೆಲ್ಲ ಮೆಲ್ಲಗೆ ತಟ್ಟಿ. ಗಟ್ಟಿ ಜಾಗ ಸ್ಪಷ್ಟ ಸದ್ದು ಕೊಡುತ್ತದೆ. ಚಿಪ್ಪು ಫೋಮ್‌ನಿಂದ ಬಿಟ್ಟಿರುವ ಜಾಗ ಮಂಕಾಗಿ ಸದ್ದು ಮಾಡುತ್ತದೆ.

4. ಬಣ್ಣ ನೋಡಿ. ದಂಡದ ಬುಡದಲ್ಲಿ ಅಥವಾ ಹಲಗೆಯ ಅಂಚಿನಲ್ಲಿ ಕಂದು ಗೆರೆ ಇಳಿದಿದೆಯೇ? ಅದು ಒಳಗಿನ ಲೋಹ ಅಳುತ್ತಿರುವ ಗುರುತು. ಅಂಚಿನಲ್ಲಿ ಚಿಪ್ಪುಗಳು ಬಾಯಿಬಿಟ್ಟಿದ್ದರೆ ಅದೂ ಕೆಟ್ಟ ಲಕ್ಷಣ. ಚಳಿ ದೇಶಗಳಲ್ಲಿ ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿ ಚಿಪ್ಪನ್ನು ಸೀಳುತ್ತದೆ.

5. ನೀರು ಬಸಿದು ನೋಡಿ. ಹಲಗೆಯ ತಳದ ಬಳಿ ಸಣ್ಣ ತೂತು ಕೊರೆದರೆ ಒಳಗಿನ ನೀರು ಇಳಿಯುತ್ತದೆ. ಸ್ವಚ್ಛ ನೀರು ಬಂದರೆ ಸೋರಿಕೆ ಇದೆ ಎಂದರ್ಥ. ಕಂದು ಬಣ್ಣದ, ನಾರುವ ನೀರು ಬಂದರೆ ಲೋಹ ಕರಗುತ್ತಿದೆ ಎಂದರ್ಥ.

‘ನೀರು ಬಸಿದು ಪುಟ್ಟಿ ಮೆತ್ತಿದರೆ ರಿಪೇರಿ ಮುಗಿಯಿತು’ ಎಂಬುದು ತಪ್ಪು. ಬಸಿದರೆ ಹೋಗುವುದು ನೀರು, ತಿಂದುಹೋದ ಲೋಹ ಮರಳಿ ಬರುವುದಿಲ್ಲ. ಕಂದು ನೀರು ಬಂದರೆ ಒಂದು ಬದಿಯ ಚಿಪ್ಪು ಕತ್ತರಿಸಿ ಪಟ್ಟಿಗಳನ್ನು ಕಣ್ಣಾರೆ ನೋಡಬೇಕು, ಇಲ್ಲವೇ ಚುಕ್ಕಾಣಿಯನ್ನೇ ಹೊಸದಾಗಿ ಮಾಡಿಸಬೇಕು. ಹಳೆಯ ದೋಣಿ ಕೊಳ್ಳುವವರು ಬೆಲೆ ಮಾತಾಡುವ ಮೊದಲೇ ಇದನ್ನು ಪರಿಣಿತರಿಂದ ತಪಾಸಣೆ ಮಾಡಿಸುವುದು ಒಳ್ಳೆಯದು.

ಚುಕ್ಕಾಣಿ ಹೋದರೆ ಎಲ್ಲ ಮುಗಿದಂತೆಯೇ?

ಅಲ್ಲ. ಆದರೆ ಎರಡು ಸ್ಥಿತಿಗಳನ್ನು ಬೇರೆಯಾಗಿ ನೋಡಬೇಕು.

ಕೇಬಲ್ ಅಥವಾ ಚಕ್ರ ಕೈಕೊಟ್ಟು, ಹಲಗೆ ಸರಿಯಾಗಿದ್ದರೆ ತುರ್ತು ಟಿಲ್ಲರ್ ಸಾಕು. ಅದನ್ನು ಬಂದರಿನಲ್ಲೇ ಒಮ್ಮೆ ಸಿಕ್ಕಿಸಿ ಓಡಿಸಿ ನೋಡಿರಬೇಕು. ಹಳೆಯ ದೋಣಿಗಳಲ್ಲಿ ಅದು ಸಾಮಾನಿನ ಅಡಿಯಲ್ಲಿ ಹೂತಿರಬಹುದು, ಮುಚ್ಚಳ ತುಕ್ಕು ಹಿಡಿದು ತೆರೆಯದಿರಬಹುದು, ಕೋಲು ಚಕ್ರದ ಕಂಬಕ್ಕೆ ತಾಗಿ ತಿರುಗದಿರಬಹುದು. ರಾತ್ರಿ ಮಳೆಯಲ್ಲಿ ಇದು ಗೊತ್ತಾಗುವುದು ಬೇಡ.

ಹಲಗೆಯೇ ಹೋದರೆ ಮೊದಲ ಕೆಲಸ ದಿಕ್ಕು ಹಿಡಿಯುವುದಲ್ಲ, ದಂಡ ಹಾದುಬರುವ ತೂತಿನಿಂದ ನೀರು ಒಳಬರುತ್ತಿದೆಯೇ ನೋಡುವುದು. ಚುಕ್ಕಾಣಿ ಇಲ್ಲದಿದ್ದರೂ ದೋಣಿ ತೇಲುತ್ತದೆ. ತೂತು ಹರಿದು ನೀರು ನುಗ್ಗಿದರೆ ಮುಳುಗುತ್ತದೆ. ನೀರು ಬರುತ್ತಿದ್ದರೆ ಸಿಕ್ಕಿದ್ದನ್ನು ತುರುಕಿ ತಡೆದು, ಪಂಪ್ ಹಾಕಿ, ರೇಡಿಯೋದಲ್ಲಿ ತುರ್ತು ಕರೆ ಕೊಡಬೇಕು.

ನೀರು ನುಗ್ಗುತ್ತಿಲ್ಲ ಎಂದಾದರೆ ದೋಣಿಯ ಹಿಂದೆ ಡ್ರೋಗ್ ಎಂಬ ಬಟ್ಟೆಯ ಕೊಳವೆಯಂಥ ಸಾಧನವನ್ನು ಎರಡು ಹಗ್ಗಗಳಿಂದ ಎಳೆದುಕೊಂಡು ಹೋಗಬಹುದು. ಎಡ ಹಗ್ಗ ಬಿಗಿದರೆ ಹಿಂಬದಿಯ ಎಡಭಾಗಕ್ಕೆ ಎಳೆತ ಬಿದ್ದು ದೋಣಿ ಎಡಕ್ಕೆ, ಬಲ ಹಗ್ಗ ಬಿಗಿದರೆ ಬಲಕ್ಕೆ ತಿರುಗುತ್ತದೆ. ಇದನ್ನೂ ಶಾಂತ ದಿನದಲ್ಲಿ ಒಮ್ಮೆ ಅಭ್ಯಾಸ ಮಾಡಿರಬೇಕು.

ಚುಕ್ಕಾಣಿಯ ತೊಂದರೆ ಹಳೆಯ ದೋಣಿಗೆ ಮಾತ್ರ ಬರುವುದಲ್ಲ. ಭಾರತೀಯ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು 2017-18ರಲ್ಲಿ ‘ಐಎನ್‌ಎಸ್‌ವಿ ತಾರಿಣಿ’ಯಲ್ಲಿ ಭೂಮಿ ಸುತ್ತಿದಾಗ ದೋಣಿಗೆ ಒಂದೆರಡು ವರ್ಷದ ಪ್ರಾಯವೂ ಇರಲಿಲ್ಲ. ಆದರೂ ಮರಳುವ ದಾರಿಯಲ್ಲಿ ಚುಕ್ಕಾಣಿ ವ್ಯವಸ್ಥೆ ಕೆಟ್ಟು, ಮೊದಲ ಯೋಜನೆಯಲ್ಲಿಲ್ಲದ ಮಾರಿಷಸ್‌ನಲ್ಲಿ ನಿಲ್ಲಬೇಕಾಯಿತು. ಅವರು ದುರಸ್ತಿ ಮಾಡಿಸಿ, 2018ರ ಮೇ 21ರಂದು ಗೋವಾ ತಲುಪಿದರು. ತೊಂದರೆ ಬಂದಾಗ ಮೊಂಡುತನದಿಂದ ಮುಂದೆ ಹೋಗದೆ ಹತ್ತಿರದ ಬಂದರು ಸೇರುವುದು ಜಾಣತನ.

ಒಂದೇ ನೋಟದಲ್ಲಿ

- ಹಾಯಿ ಏರಿಸಿದಾಗ ಮಾತ್ರ ಭಾರ: ಹಾಯಿ ಜೋತಿದೆ ಅಥವಾ ಹೆಚ್ಚಾಗಿದೆ.
- ಯಾವಾಗಲೂ ಭಾರ, ಕೇಬಲ್ ಬಿಚ್ಚಿದರೂ ಭಾರ: ಬೇರಿಂಗ್ ಉಬ್ಬಿದೆ, ದಂಡ ಬಾಗಿದೆ ಅಥವಾ ಚಿಪ್ಪುಜೀವಿ ಬೆಳೆದಿದೆ.
- ಕೇಬಲ್ ಬಿಚ್ಚಿದರೆ ಚುಕ್ಕಾಣಿ ಹಗುರ: ಕೇಬಲ್, ರಾಟೆ, ಸರಪಳಿ ನೋಡಿ.
- ಇದ್ದಕ್ಕಿದ್ದಂತೆ ಗಟ್ಟಿ: ಬ್ರೇಕ್, ಆಟೋಪೈಲಟ್, ಸಿಕ್ಕಿಬಿದ್ದ ಸಾಮಾನು, ಬಲೆ.
- ನಡುಕ, ಟಕ್ ಟಕ್ ಸದ್ದು: ಬೇರಿಂಗ್ ಸವೆತ.
- ಚಕ್ರ ತಿರುಗಿದರೂ ದೋಣಿ ತಡವಾಗಿ ತಿರುಗುತ್ತದೆ: ಕೇಬಲ್ ಸಡಿಲ, ಬೋಲ್ಟ್ ಸವೆತ ಅಥವಾ ಒಳಪಟ್ಟಿ ಬಿಟ್ಟಿದೆ.
- ಹಲಗೆಯಿಂದ ಕಂದು ನೀರು: ಒಳಗಿನ ಸ್ಟೀಲ್ ತುಕ್ಕು ಹಿಡಿಯುತ್ತಿದೆ, ಯಾನ ನಿಲ್ಲಿಸಿ.

ನಮ್ಮಲ್ಲಿ ಹಾಯಿದೋಣಿ ಇರುವವರು ಕಡಿಮೆ. ಆದರೆ ಸ್ಕೂಟರ್, ಬೋರ್‌ವೆಲ್ ಪಂಪ್, ಮಿಕ್ಸಿ ಎಲ್ಲರ ಮನೆಯಲ್ಲೂ ಇದೆ. ಅಲ್ಲೂ ನಿಯಮ ಒಂದೇ: ಮೊದಲು ಹೊರಗಿನ ಕಾರಣ ತೆಗೆದುಹಾಕಿ, ಆಮೇಲೆ ಭಾಗಗಳನ್ನು ಬೇರ್ಪಡಿಸಿ ಒಂದೊಂದಾಗಿ ಪರೀಕ್ಷಿಸಿ, ಕಣ್ಣಿಗೆ ಕಾಣದ ಜಾಗವನ್ನು ಹೊರಗಿನ ಬಣ್ಣ ನೋಡಿ ನಂಬಬೇಡಿ. ಇನ್ನೊಮ್ಮೆ ಓರ್ಕಾ ಸೇಡಿನ ವಿಡಿಯೋ ಗ್ರೂಪಿಗೆ ಬಂದರೆ, ಜೊತೆಗೆ ಇದನ್ನೂ ಕಳಿಸಿ.